ಫೀಸು 40,535 ಶಿಲ್ಲಿಂಗ್, ಖರ್ಚು ಅದಲ್ಲ: ಕೀನ್ಯಾದ ಒಬ್ಬ ಹುಡುಗಿಯನ್ನು ಹೈಸ್ಕೂಲು ಓದಿಸಿದ ಪೂರ್ತಿ ಲೆಕ್ಕ

ಬಡ ದೇಶದ ಒಂದು ಮಗುವನ್ನು ಓದಿಸಬೇಕು ಅನ್ನುವ ಆಸೆ ತುಂಬ ಜನಕ್ಕೆ ಇರುತ್ತದೆ. ನಮ್ಮ ಕೈಲಿ ಆಗುತ್ತದಾ ಅಂತ ಯೋಚಿಸುವಾಗ ಹೆಚ್ಚಿನವರು ನೋಡುವುದು ಒಂದೇ ಅಂಕಿ, ವರ್ಷದ ಸ್ಕೂಲ್ ಫೀಸು. ಅದನ್ನು ಹನ್ನೆರಡರಿಂದ ಭಾಗಿಸುತ್ತಾರೆ, ಇಷ್ಟೇನಾ ಅಂದುಕೊಳ್ಳುತ್ತಾರೆ, ಒಪ್ಪಿಕೊಂಡುಬಿಡುತ್ತಾರೆ.

2018ರ ಜನವರಿಯಿಂದ 2022ರ ಮಾರ್ಚ್ ತನಕ ನಾವು ನಾಲ್ಕು ಜನ ಸ್ನೇಹಿತರು ಸೇರಿ ಪಶ್ಚಿಮ ಕೀನ್ಯಾದ ಒಬ್ಬ ಹುಡುಗಿಯ ಹೈಸ್ಕೂಲು ಖರ್ಚು ನೋಡಿಕೊಂಡೆವು. ಲೆಕ್ಕ ಬರೆದಿಡುವ ಕೆಲಸ ನನ್ನದಾಗಿತ್ತು. ಆ ಲೆಕ್ಕವನ್ನೇ ಇಲ್ಲಿ ಇಡುತ್ತಿದ್ದೇನೆ. ಹುಡುಗಿಯ ಹೆಸರು, ಊರು, ಶಾಲೆ ಯಾವುದನ್ನೂ ಬರೆಯುವುದಿಲ್ಲ. ಅವಳಿಗೆ ಈಗ ಅವಳದೇ ಬದುಕು ಇದೆ, ಯಾರೋ ಓದಿಸಿದ ಹುಡುಗಿ ಅಂತ ಅವಳನ್ನು ಹುಡುಕಿಕೊಂಡು ಹೋಗುವುದು ಬೇಡ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತಿಂಗಳ ಸಂಬಳದಲ್ಲಿ ಬದುಕುವವರಿಗೂ ಇದು ಆಗುವ ಕೆಲಸವೇ. ಆದರೆ ಕೊನೆಯ ಪರೀಕ್ಷೆಯ ತನಕ ಒಟ್ಟು ಎಷ್ಟು ಬೇಕು, ಅದು ಯಾವ ಯಾವ ತಿಂಗಳಲ್ಲಿ ಬಂದು ಬೀಳುತ್ತದೆ, ಈ ಎರಡೂ ಗೊತ್ತಿಲ್ಲದೆ ಒಂದು ಮಗುವಿಗೆ ಮಾತು ಕೊಡಬಾರದು. ನಾಲ್ಕು ವರ್ಷದ ಹೈಸ್ಕೂಲಿನಲ್ಲಿ ಮೂರನೇ ವರ್ಷ ಕೈಬಿಟ್ಟರೆ ಆ ಮಗುವಿನ ಹತ್ತಿರ ಅರ್ಧ ಓದು ಇರುತ್ತದೆ, ಸರ್ಟಿಫಿಕೇಟು ಇರುವುದಿಲ್ಲ.

ಅಲ್ಲಿ ಓದು ಉಚಿತ ಅಲ್ವಾ?

ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. ಹೌದು, ಒಂದು ಮಟ್ಟಿಗೆ. 2003ರ ಜನವರಿಯಲ್ಲಿ ಮ್ವಾಯ್ ಕಿಬಾಕಿ ಸರ್ಕಾರ ಪ್ರಾಥಮಿಕ ಶಾಲೆಯ ಫೀಸು ತೆಗೆದುಹಾಕಿತು. ಮರುವರ್ಷ ಎಲ್ಡೊರೆಟ್ ಹತ್ತಿರದ ಒಂದು ಶಾಲೆಗೆ ಕಿಮಾನಿ ಮರುಗೆ ಅನ್ನುವ 84ರ ಅಜ್ಜ ಒಂದನೇ ಕ್ಲಾಸಿಗೆ ಸೇರಿಕೊಂಡರು. ಅಷ್ಟು ದೊಡ್ಡ ಸಂಗತಿಯಾಗಿತ್ತು ಅದು. 2008ರಿಂದ ಸರ್ಕಾರ ಹೈಸ್ಕೂಲಿನ ಬೋಧನಾ ಶುಲ್ಕವನ್ನೂ ಕೊಡತೊಡಗಿತು. ಆಗ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 10,265 ಶಿಲ್ಲಿಂಗ್ ಇತ್ತು. 2018ರಲ್ಲಿ ಅದನ್ನು 22,244ಕ್ಕೆ ಏರಿಸಿದರು. ಅದೇ ವರ್ಷ ಪಠ್ಯಪುಸ್ತಕಗಳನ್ನೂ ಸರ್ಕಾರವೇ ನೇರವಾಗಿ ಶಾಲೆಗಳಿಗೆ ಕಳಿಸತೊಡಗಿತು.

ಈ 22,244 ಡೇ ಸ್ಕೂಲಿನ ಓದಿಗೆ. ಮನೆಯಿಂದ ನಡೆದು ಹೋಗಿ ಬರುವ ಮಗು ಬೋಧನಾ ಶುಲ್ಕ ಕಟ್ಟಬೇಕಿಲ್ಲ. ಮಧ್ಯಾಹ್ನದ ಊಟ, ಯೂನಿಫಾರ್ಮು ಮನೆಯವರದು. ಆದರೆ ಕೀನ್ಯಾದಲ್ಲಿ ಹೆಸರಿರುವ ಹೈಸ್ಕೂಲುಗಳಲ್ಲಿ ಹೆಚ್ಚಿನವು ಬೋರ್ಡಿಂಗ್. ಊಟ, ವಸತಿಯ ದುಡ್ಡನ್ನು ಹೆತ್ತವರೇ ಕಟ್ಟಬೇಕು. ಅದಕ್ಕೆ ಆಗ ಸರ್ಕಾರ ಮಿತಿ ಹಾಕಿತ್ತು. ದೇಶದ ಎಲ್ಲ ಕಡೆಯ ಮಕ್ಕಳನ್ನು ಸೇರಿಸಿಕೊಳ್ಳುವ ನ್ಯಾಷನಲ್ ಶಾಲೆ, ದೊಡ್ಡ ಪಟ್ಟಣದ ಶಾಲೆಗಳಿಗೆ ವರ್ಷಕ್ಕೆ 53,554 ಶಿಲ್ಲಿಂಗ್. ಉಳಿದ ಬೋರ್ಡಿಂಗ್ ಶಾಲೆಗಳಿಗೆ 40,535. ಆ ನಾಲ್ಕು ವರ್ಷವೂ ಒಂದು ಶಿಲ್ಲಿಂಗ್ ಅಂದರೆ ಸುಮಾರು 65 ಪೈಸೆ. ಆ ಅವಧಿಯಲ್ಲಿ ರೂಪಾಯಿ, ಶಿಲ್ಲಿಂಗ್ ಎರಡೂ ಡಾಲರಿನ ಎದುರು ಕುಸಿದವು, ಹಾಗಾಗಿ ರೂಪಾಯಿಯಲ್ಲಿ ದುಡಿಯುವವರಿಗೆ ಲೆಕ್ಕ ಅಷ್ಟಾಗಿ ಬದಲಾಗಲಿಲ್ಲ. 40,535 ಅಂದರೆ 26,000 ರೂಪಾಯಿಗೆ ಸ್ವಲ್ಪ ಮೇಲೆ.

ಪ್ರಕರಣ

ನಾವು ಓದಿಸಿದ ಹುಡುಗಿ 2017ರಲ್ಲಿ ಎಂಟನೇ ಕ್ಲಾಸಿನ ಕೆಸಿಪಿಇ ಪರೀಕ್ಷೆ ಬರೆದಿದ್ದಳು. ಐನೂರಕ್ಕೆ ಮುನ್ನೂರ ಅರವತ್ತರ ಮೇಲೆ ಬಂದಿತ್ತು. ಬೇರೆ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಒಂದು ಹೆಣ್ಣುಮಕ್ಕಳ ಬೋರ್ಡಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತು. ಅಪ್ಪ ತೀರಿಕೊಂಡಿದ್ದ. ಅಮ್ಮ ವಿಕ್ಟೋರಿಯಾ ಸರೋವರದ ಒಮೆನಾ ಅನ್ನುವ ಸಣ್ಣ ಒಣಮೀನನ್ನು ಕೊಂಡು ತಂದು ಸಂತೆಯಲ್ಲಿ ಮಾರುತ್ತಿದ್ದರು. ಮನೆಯಲ್ಲಿ ಇನ್ನೂ ಇಬ್ಬರು ಚಿಕ್ಕ ಮಕ್ಕಳು. ಆ ಅಮ್ಮನಿಗೆ ಬೋರ್ಡಿಂಗ್ ಫೀಸು ಕಟ್ಟುವ ದಾರಿಯೇ ಇರಲಿಲ್ಲ. ಆ ವರ್ಷವೇ ಸರ್ಕಾರ, ಎಂಟನೇ ಕ್ಲಾಸು ಮುಗಿಸಿದ ಎಲ್ಲ ಮಕ್ಕಳೂ ಹೈಸ್ಕೂಲಿಗೆ ಹೋಗಲೇಬೇಕು ಅಂತ ಹಟ ಹಿಡಿದಿತ್ತು. ಹಾಗಾಗಿ ಸೀಟು ಬಿಟ್ಟಿದ್ದರೂ ಅವಳು ಹತ್ತಿರದ ಯಾವುದಾದರೂ ಡೇ ಸ್ಕೂಲಿಗೆ ಹೋಗುತ್ತಿದ್ದಳು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಾವು ಕೊಟ್ಟ ದುಡ್ಡು ಓದು ಮತ್ತು ಓದದೆ ಇರುವುದರ ನಡುವಿನ ವ್ಯತ್ಯಾಸ ಆಗಿರಲಿಲ್ಲ. ಒಳ್ಳೆಯ ಬೋರ್ಡಿಂಗ್ ಶಾಲೆಗೂ ಸಾಧಾರಣ ಡೇ ಸ್ಕೂಲಿಗೂ ನಡುವಿನ ವ್ಯತ್ಯಾಸ ಆಗಿತ್ತು. ಓದಿಸಲು ಹೊರಟವರು ಇದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು ಅಂತ ನನಗೆ ಅನಿಸುತ್ತದೆ.

ಅವಳ ವಿಷಯ ನಮಗೆ ಗೊತ್ತಾಗಿದ್ದು ಪ್ರಾಥಮಿಕ ಶಾಲೆಯಲ್ಲಿ ಅವಳಿಗೆ ಕಲಿಸಿದ್ದ ಒಬ್ಬ ಮೇಷ್ಟ್ರಿಂದ. ನಮ್ಮಲ್ಲೊಬ್ಬರು ಕೀನ್ಯಾದಲ್ಲಿ ಕೆಲಸ ಮಾಡುತ್ತಿದ್ದ ಕಾಲದಿಂದ ಅವರ ಪರಿಚಯ ಇತ್ತು. ಹೊಸ ಶಾಲೆಗೂ ಅವರಿಗೂ ಸಂಬಂಧ ಇರಲಿಲ್ಲ, ನಮ್ಮಿಂದ ಅವರಿಗೆ ಒಂದು ಪೈಸೆ ಲಾಭ ಇರಲಿಲ್ಲ. ಈ ಮನುಷ್ಯ ಇಲ್ಲದಿದ್ದರೆ ನಾವು ಈ ಕೆಲಸಕ್ಕೆ ಕೈ ಹಾಕುತ್ತಲೇ ಇರಲಿಲ್ಲ.

ನಾವು ಮೊದಲು ಕಾಗದದ ಮೇಲೆ ಹಾಕಿದ ಲೆಕ್ಕ ಸರಳವಾಗಿತ್ತು. 40,535 ಗುಣಿಸು ನಾಲ್ಕು ವರ್ಷ, ಒಟ್ಟು 1,62,140 ಶಿಲ್ಲಿಂಗ್. ರೂಪಾಯಿಯಲ್ಲಿ ಒಂದು ಲಕ್ಷದ ಐದು ಸಾವಿರ ಚಿಲ್ಲರೆ. ನಾಲ್ವರಿಗೆ ಹಂಚಿದರೆ ತಲಾ ತಿಂಗಳಿಗೆ 550 ರೂಪಾಯಿ. ಇದು ಯಾರಿಗೂ ಭಾರ ಅಲ್ಲ. ಪ್ರವೇಶ ಪತ್ರದ ಜೊತೆ ಬಂದ ಪಟ್ಟಿ ನೋಡಿದ ಮೇಲೆ, ಒಪ್ಪಿಕೊಳ್ಳುವ ಮುಂಚೆಯೇ, ಎಲ್ಲರೂ ಮತ್ತೆ ಕೂತು ಲೆಕ್ಕ ಹಾಕಬೇಕಾಯಿತು.

ಜನವರಿ ಅನ್ನುವ ತಿಂಗಳು

ಬೋರ್ಡಿಂಗಿಗೆ ಹೋಗುವ ಮಗು ಒಂದು ಚಿಕ್ಕ ಸಂಸಾರವನ್ನೇ ಹೊತ್ತುಕೊಂಡು ಹೋಗಬೇಕು. ಕಬ್ಬಿಣದ ಪೆಟ್ಟಿಗೆ, ಬೀಗ, ಹಾಸಿಗೆ, ಕಂಬಳಿ, ಬೆಡ್‌ಶೀಟು, ಬಕೆಟ್, ತಟ್ಟೆ, ಲೋಟ. ಇಷ್ಟಕ್ಕೆ 8,500 ಶಿಲ್ಲಿಂಗ್ ಆಯಿತು. ಸ್ಕರ್ಟು, ಶರ್ಟು, ಸ್ವೆಟರು, ಆಟದ ಬಟ್ಟೆ, ಕಪ್ಪು ಬೂಟು ಸೇರಿ 6,500. ಪಠ್ಯಪುಸ್ತಕ ಸರ್ಕಾರದ್ದಾದರೂ ನೋಟ್‌ಬುಕ್ಕು, ಇಂಗ್ಲಿಷ್ ಮತ್ತು ಸ್ವಾಹಿಲಿ ನಿಘಂಟು, ಅಟ್ಲಾಸು, ಬೈಬಲ್, ಜಾಮಿಟ್ರಿ ಬಾಕ್ಸು, ಸೈಂಟಿಫಿಕ್ ಕ್ಯಾಲ್ಕ್ಯುಲೇಟರು ಎಲ್ಲ ಮನೆಯವರದೇ, ಅದು 5,000. ಬರೀ ಸಾಮಾನಿಗೇ ಒಟ್ಟು 20,000 ಶಿಲ್ಲಿಂಗ್. ಇದರಲ್ಲಿ ಒಂದು ರೂಪಾಯಿಯೂ ಫೀಸು ಅಂತ ಎಲ್ಲೂ ಕಾಣುವುದಿಲ್ಲ.

ಇನ್ನು ಫೀಸು. ಕೀನ್ಯಾದಲ್ಲಿ ವರ್ಷಕ್ಕೆ ಮೂರು ಟರ್ಮು. ಫೀಸನ್ನು ಸಮವಾಗಿ ಮೂರು ಭಾಗ ಮಾಡುವುದಿಲ್ಲ. ಮೊದಲ ಟರ್ಮಿಗೆ ಶೇ 50, ಎರಡನೆಯದಕ್ಕೆ ಶೇ 30, ಮೂರನೆಯದಕ್ಕೆ ಶೇ 20. ಅಂದರೆ ಜನವರಿಯಲ್ಲೇ 20,268 ಕಟ್ಟಬೇಕು. ಅದರ ಮೇಲೆ ಬಸ್ಸಿಗೆ ಟರ್ಮಿಗೆ 1,500, ಸೋಪು ಪೇಸ್ಟು ಪ್ಯಾಡು ಇತ್ಯಾದಿಗೆ 1,500, ಕೈಖರ್ಚಿಗೆ 1,000. ಸರ್ಕಾರಿ ಶಾಲೆಯ ಹುಡುಗಿಯರಿಗೆ ಪ್ಯಾಡು ಉಚಿತವಾಗಿ ಕೊಡಬೇಕು ಅಂತ 2017ರಲ್ಲಿ ಕಾನೂನಿಗೇ ತಿದ್ದುಪಡಿ ಆಗಿದೆ. ಆದರೂ ನಮ್ಮ ಲೆಕ್ಕದಲ್ಲಿ ಅದು ಕೊನೆಯ ತನಕ ಉಳಿದೇ ಇತ್ತು.

ಆಮೇಲೆ ಶಾಲೆ ಕೇಳಿದ ಬೇರೆ ದುಡ್ಡು, 4,500 ಶಿಲ್ಲಿಂಗ್. ಪೋಷಕರ ಸಂಘದ ಹೆಸರಲ್ಲಿ ಸ್ವಲ್ಪ, ಕಟ್ಟಡಕ್ಕೆ ಸ್ವಲ್ಪ, ಹೆಚ್ಚುವರಿ ಕ್ಲಾಸಿಗೆ ಸ್ವಲ್ಪ. ಸರ್ಕಾರದ ಮಿತಿಯ ಆಚೆಗಿನ ದುಡ್ಡು ಇದು. 2013ರ ಬೇಸಿಕ್ ಎಜುಕೇಷನ್ ಕಾಯ್ದೆ ಇದರ ಬಗ್ಗೆ ಸ್ಪಷ್ಟವಾಗಿದೆ. ಸರ್ಕಾರಿ ಶಾಲೆ ಬೇರೆ ಶುಲ್ಕ ಹಾಕಬೇಕಾದರೆ ಕೌಂಟಿ ಶಿಕ್ಷಣ ಮಂಡಳಿಯ ಜೊತೆ ಸಮಾಲೋಚಿಸಿ ಸಚಿವರು ಒಪ್ಪಿಗೆ ಕೊಟ್ಟಿರಬೇಕು. ಒಪ್ಪಿಗೆ ಇದ್ದರೂ, ಆ ದುಡ್ಡು ಕಟ್ಟಲಿಲ್ಲ ಅಂತ ಯಾವ ಮಗುವನ್ನೂ ಹೊರಗೆ ಹಾಕುವಂತಿಲ್ಲ. ನಾವು ಒಪ್ಪಿಗೆ ಪತ್ರ ಕೇಳಿದೆವು, ಉತ್ತರ ಬರಲಿಲ್ಲ. ಆದರೂ ಕಟ್ಟಿದೆವು. ನಾವು ದೂರದಲ್ಲಿ ಕೂತು ಕಾನೂನು ಮಾತಾಡಿದರೆ ಕ್ಲಾಸಿನಲ್ಲಿ ಎದ್ದು ನಿಲ್ಲಬೇಕಾದವಳು ಅವಳು. ಒಂದು ಮಗುವಿನ ಹೆಗಲ ಮೇಲೆ ನಿಂತು ಶಾಲೆಯ ಜೊತೆ ಜಗಳ ಆಡುವುದು ನನಗೆ ಸರಿ ಕಾಣುವುದಿಲ್ಲ. ಸಾವಿರಾರು ತಾಯಂದಿರು ಇದೇ ಕಾರಣಕ್ಕೆ ಸುಮ್ಮನೆ ಕಟ್ಟುತ್ತಾರೆ ಅನ್ನುವುದು ಗೊತ್ತಿದ್ದೇ ಹೇಳುತ್ತಿದ್ದೇನೆ, ಮತ್ತು ಅದು ನನ್ನನ್ನು ಇವತ್ತಿಗೂ ಕೊರೆಯುತ್ತದೆ.

ಎಲ್ಲ ಕೂಡಿಸಿದರೆ ಜನವರಿ ಒಂದೇ ತಿಂಗಳಿಗೆ 48,768 ಶಿಲ್ಲಿಂಗ್. ಮೊದಲ ವರ್ಷದ ಒಟ್ಟು ಖರ್ಚು 77,035. ಫೀಸು 40,535 ಇದ್ದರೂ ವರ್ಷ ನಡೆಸಲು ಅದರ ಎರಡು ಪಟ್ಟಿಗೆ ಹತ್ತಿರ ಬೇಕಾಯಿತು. ಅದರಲ್ಲೂ ಶೇ 60ಕ್ಕಿಂತ ಜಾಸ್ತಿ ಮೊದಲ ತಿಂಗಳಲ್ಲೇ. ತಿಂಗಳಿಗಿಷ್ಟು ಅಂತ ಎತ್ತಿಡುವವರು ಜನವರಿಯಲ್ಲಿ ಶುರು ಮಾಡಿದರೆ ಜನವರಿಯ ಬಿಲ್ಲು ಕಟ್ಟಲು ಆಗುವುದೇ ಇಲ್ಲ. ಕನಿಷ್ಠ ಎಂಟು ತಿಂಗಳ ಮುಂಚೆ ದುಡ್ಡು ಕೂಡಿಡುವುದು ಶುರುವಾಗಿರಬೇಕು. ನಾವು ನಾಲ್ವರೂ ಮೊದಲ ಸಲ ನಮ್ಮ ನಮ್ಮ ಉಳಿತಾಯದಿಂದ ತಲಾ ಎಂಟು ಸಾವಿರ ರೂಪಾಯಿ ಒಟ್ಟಿಗೆ ಹಾಕಿದೆವು. ಉಳಿತಾಯವೇ ಇಲ್ಲದವರಿಗೆ ಇದು ಕಷ್ಟ, ಅದನ್ನು ಮುಚ್ಚಿಡುವುದರಲ್ಲಿ ಅರ್ಥ ಇಲ್ಲ.

ದುಡ್ಡು ಕಳಿಸುವ ಕಥೆ

ಭಾರತದಿಂದ ಹೊರದೇಶಕ್ಕೆ ಹೀಗೆ ದುಡ್ಡು ಕಳಿಸಲು ಅಡ್ಡಿ ಇಲ್ಲ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಅನ್ನುವ ಯೋಜನೆಯಲ್ಲಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್ ತನಕ ಕಳಿಸಬಹುದು, ಉಡುಗೊರೆ ಮತ್ತು ದೇಣಿಗೆಯೂ ಅದರಲ್ಲಿ ಬರುತ್ತದೆ. ಪ್ಯಾನ್ ಬೇಕು, ಬ್ಯಾಂಕಿನ ಫಾರಮ್ಮು ತುಂಬಬೇಕು. ಇಷ್ಟು ಚಿಕ್ಕ ಮೊತ್ತಕ್ಕೆ ಟಿಸಿಎಸ್, ಅಂದರೆ ಬ್ಯಾಂಕು ಮೊದಲೇ ಹಿಡಿದುಕೊಳ್ಳುವ ತೆರಿಗೆ, ತಗಲುವುದಿಲ್ಲ. ಆದರೆ ದೇಣಿಗೆಗೆ ಸಿಗುವ 80ಜಿ ತೆರಿಗೆ ವಿನಾಯಿತಿ ಸಿಗುತ್ತದೆ ಅಂತ ಯಾರೂ ಲೆಕ್ಕ ಹಾಕಬೇಡಿ. ವಿದೇಶದ ಶಾಲೆಗೆ ನೇರವಾಗಿ ಕೊಟ್ಟದ್ದಕ್ಕೆ ಅದು ಇಲ್ಲ.

ಫೀಸು ನೇರ ಶಾಲೆಯ ಬ್ಯಾಂಕ್ ಖಾತೆಗೆ ಹೋಗುತ್ತಿತ್ತು. ಉಳಿದದ್ದು ಮೇಷ್ಟ್ರ ಖಾತೆಗೆ, ಅಲ್ಲಿಂದ ಅವರು ಅಮ್ಮನ ಫೋನಿಗೆ ಎಂ-ಪೆಸಾ ಮಾಡುತ್ತಿದ್ದರು. ಎಂ-ಪೆಸಾ ಕೀನ್ಯಾದಲ್ಲಿ 2007ರಿಂದ ಇದೆ, ಸಂತೆಯಲ್ಲಿ ಮೀನು ಮಾರುವವರಿಗೂ ಅದು ಕೈಗೆ ಸಿಗುವ ಸಂಗತಿ. ಸಾಮಾನು ಕೊಳ್ಳುವುದು ಅಮ್ಮನೇ ಆಗಬೇಕು ಅಂತ ನಾವು ಮೊದಲೇ ಹೇಳಿದ್ದೆವು. ಮಗಳಿಗೆ ಬೂಟು ಕೊಡಿಸುವ ಸಂತೋಷವನ್ನು ಅವರಿಂದ ಕಿತ್ತುಕೊಳ್ಳಲು ನಾವ್ಯಾರು? ಅವರು ಚೌಕಾಸಿ ಮಾಡಿ ಉಳಿಸಿದ ದುಡ್ಡಲ್ಲಿ ಚಿಕ್ಕವರಿಗೆ ನೋಟ್‌ಬುಕ್ಕು ತಂದರು. ನಾವು ಅದರ ಲೆಕ್ಕ ಕೇಳಲಿಲ್ಲ.

ಒಂದು ಸಲ ಕಳಿಸಿದರೆ ಇಲ್ಲಿನ ಬ್ಯಾಂಕು, ನಡುವಿನ ಬ್ಯಾಂಕು, ಅಲ್ಲಿನ ಬ್ಯಾಂಕು, ಡಾಲರಿಗೆ ಬದಲಾಯಿಸುವಾಗಿನ ನಷ್ಟ ಎಲ್ಲ ಸೇರಿ ಎರಡು ಸಾವಿರ ರೂಪಾಯಿ ಹತ್ತಿರ ಹೋಗುತ್ತಿತ್ತು. ಸಾವಿರ ಕಳಿಸಿದರೂ ಅಷ್ಟೇ, ಮೂವತ್ತು ಸಾವಿರ ಕಳಿಸಿದರೂ ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ತಿಂಗಳಿಗೊಮ್ಮೆ ಕಳಿಸುವ ಯೋಚನೆ ಬಿಟ್ಟು ವರ್ಷಕ್ಕೆ ಎರಡು ಸಲ ಅಂತ ಇಟ್ಟುಕೊಂಡೆವು. ಆದರೂ ನಾಲ್ಕು ವರ್ಷದಲ್ಲಿ ಇದಕ್ಕೇ 17,000 ರೂಪಾಯಿ ಆಸುಪಾಸು ಹೋಯಿತು.

2019ರ ಎರಡನೇ ಟರ್ಮಿನಲ್ಲಿ ಬ್ಯಾಂಕು ಏನೋ ಕಾಗದ ಕೇಳಿ ದುಡ್ಡು ತಡೆಹಿಡಿಯಿತು. ಶಾಲೆ ಹುಡುಗಿಯನ್ನು ಮನೆಗೆ ಕಳಿಸಿತು. ಫೀಸು ಬಾಕಿ ಇದ್ದ ಮಕ್ಕಳನ್ನು ಹೀಗೆ ಗುಂಪಾಗಿ ಮನೆಗೆ ಕಳಿಸುವುದು ಅಲ್ಲಿ ಪ್ರತಿ ಟರ್ಮಿನಲ್ಲೂ ನಡೆಯುತ್ತದೆ. ಒಂದು ವಾರದ ಪಾಠ ಹೋಯಿತು, ಬಸ್ಸಿನ ದುಡ್ಡು ಎರಡು ಸಲ ಬಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಅವಳಿಗೆ ಇನ್ನು ಓದು ಮುಗಿಯಿತು ಅಂತ ಅನಿಸಿತಂತೆ. ಅದನ್ನು ಮೇಷ್ಟ್ರ ಬಾಯಿಂದ ಕೇಳಿದ ಮೇಲೆ ಜನವರಿಯಲ್ಲೇ ಎರಡು ಟರ್ಮಿನ ಫೀಸು, ಅಂದರೆ ಶೇ 80, ಒಟ್ಟಿಗೆ ಕಟ್ಟುವುದು ಅಂತ ನಿರ್ಧಾರ ಮಾಡಿದೆವು. ಜನವರಿಯ ಭಾರ ಇನ್ನೂ ಹೆಚ್ಚಾಯಿತು. ಆದರೆ ಫೀಸಿನ ಕಾರಣಕ್ಕೆ ಅವಳು ಆಮೇಲೆ ಒಮ್ಮೆಯೂ ಮನೆಗೆ ಬರಬೇಕಾಗಲಿಲ್ಲ.

ಎರಡನೇ ವರ್ಷದ ಖರ್ಚು ಕಡಿಮೆಯೇ. ಪೆಟ್ಟಿಗೆ ಹಾಸಿಗೆ ಇದ್ದವು. ಫೀಸು, ದಿನಬಳಕೆ, ಹೊಸ ಬೂಟು, ಶಾಲೆಯ ಬೇರೆ ದುಡ್ಡು ಸೇರಿ 59,535. ಅಮ್ಮ ಹಳ್ಳಿಯ ಚೀಫ್ ಹತ್ತಿರ ಸಹಿ ಹಾಕಿಸಿ ಎನ್‌ಜಿ-ಸಿಡಿಎಫ್ ಅನ್ನುವ ಕ್ಷೇತ್ರಾಭಿವೃದ್ಧಿ ನಿಧಿಯ ಬರ್ಸರಿಗೆ, ಅಂದರೆ ವಿದ್ಯಾರ್ಥಿವೇತನಕ್ಕೆ, ಅರ್ಜಿ ಹಾಕಿದ್ದರು, 5,000 ಬಂತು, ನೇರ ಶಾಲೆಗೆ ಚೆಕ್ಕಾಗಿ. ನಮ್ಮ ಪಾಲಿಗೆ 54,535 ಉಳಿಯಿತು. ಸ್ಪಾನ್ಸರ್ ಸಿಕ್ಕಿದ್ದಾರೆ ಅಂತ ಸ್ಥಳೀಯ ಬರ್ಸರಿ ಬಿಡಬೇಕಿಲ್ಲ. ದುಡ್ಡು ಚಿಕ್ಕದಾದರೂ ಅದು ಆ ಕುಟುಂಬ ತಾನೇ ಓಡಾಡಿ ತಂದದ್ದು.

2020

2020ರ ಮಾರ್ಚಿನಲ್ಲಿ ಕೀನ್ಯಾದ ಎಲ್ಲ ಶಾಲೆ ಮುಚ್ಚಿದವು. ಆ ವರ್ಷ ಪರೀಕ್ಷೆ ಬರೆಯುವವರು, ಪ್ರಾಥಮಿಕ ಶಾಲೆಯ ನಾಲ್ಕನೇ ತರಗತಿಯವರು ಅಕ್ಟೋಬರಿನಲ್ಲಿ ವಾಪಸ್ ಹೋದರು. ಮೂರನೇ ವರ್ಷದಲ್ಲಿದ್ದ ನಮ್ಮ ಹುಡುಗಿಯಂಥವರು 2021ರ ಜನವರಿ ತನಕ ಮನೆಯಲ್ಲೇ. ಸಂತೆಗಳೂ ಮುಚ್ಚಿದ್ದರಿಂದ ಅಮ್ಮನ ವ್ಯಾಪಾರ ನಿಂತಿತು. ಇತ್ತ ನಮ್ಮ ನಾಲ್ವರಲ್ಲಿ ಒಬ್ಬರ ಕೆಲಸ ಹೋಯಿತು.

ಶಾಲೆಯೇ ಇಲ್ಲ, ಈ ವರ್ಷ ಖರ್ಚು ಉಳಿಯಿತು ಅಂತ ಯಾರಿಗಾದರೂ ಅನಿಸಬಹುದು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದುಬಾರಿ ವರ್ಷ ಅದೇ. ಹೈಸ್ಕೂಲಿನ ಹುಡುಗಿಯೊಬ್ಬಳು ದುಡಿಮೆ ನಿಂತ ಮನೆಯಲ್ಲಿ ಒಂಬತ್ತು ತಿಂಗಳು ಕೂತರೆ ಅವಳು ಶಾಲೆಗೆ ವಾಪಸ್ ಬರುತ್ತಾಳೆ ಅನ್ನುವ ಖಾತ್ರಿ ಇಲ್ಲ. ಇದು ಬರೀ ಭಯ ಅಲ್ಲ. ವಿಕ್ಟೋರಿಯಾ ಸರೋವರದ ಪಕ್ಕದ ಸಿಯಾಯ ಕೌಂಟಿಯ ಹೈಸ್ಕೂಲು ಹುಡುಗಿಯರ ಬಗ್ಗೆ 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಹಿಂದಿನ ಬ್ಯಾಚಿನವರನ್ನೂ ಕೋವಿಡ್ ಕಾಲದವರನ್ನೂ ಹೋಲಿಸಿ ನೋಡಿತು. ಓದು ಮುಗಿಯುವ ಮುಂಚೆ ಬಸುರಾಗುವ ಸಂಭವ ಕೋವಿಡ್ ಬ್ಯಾಚಿನಲ್ಲಿ ಎರಡು ಪಟ್ಟು ಇತ್ತು, ಶಾಲೆ ಬಿಡುವ ಸಂಭವ ಮೂರು ಪಟ್ಟು. ನಮಗೆ ಈ ಅಂಕಿ ಆಗ ಗೊತ್ತಿರಲಿಲ್ಲ, ಆದರೆ ಮೇಷ್ಟ್ರು ಹಳ್ಳಿಯಲ್ಲಿ ಏನಾಗುತ್ತಿದೆ ಅಂತ ಹೇಳುತ್ತಿದ್ದರು.

ಏಪ್ರಿಲಿನಿಂದ ಡಿಸೆಂಬರ್ ತನಕ ತಿಂಗಳಿಗೆ 2,500 ಶಿಲ್ಲಿಂಗ್ ಮನೆ ದಿನಸಿಗೆ ಕಳಿಸಿದೆವು. ಮೆಕ್ಕೆಜೋಳದ ಹಿಟ್ಟು, ಎಣ್ಣೆ, ಸ್ವಲ್ಪ ಫೋನ್ ದುಡ್ಡು. ಶಾಲೆಯ ಹೆಸರಿನಲ್ಲಿ ಒಟ್ಟು ಮಾಡಿದ ದುಡ್ಡನ್ನು ಊಟಕ್ಕೆ ಕಳಿಸಬಹುದಾ ಅಂತ ನಮ್ಮಲ್ಲೇ ಚರ್ಚೆ ಆಯಿತು. ನನಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಮನೆಯಲ್ಲಿ ಊಟ ಇದ್ದರೆ ಮಾತ್ರ ಆ ಹುಡುಗಿ ಪುಸ್ತಕದ ಹತ್ತಿರ ಇರುತ್ತಾಳೆ, ಇಲ್ಲದಿದ್ದರೆ ಅವಳನ್ನು ಯಾರದೋ ಮನೆಗೆಲಸಕ್ಕೋ ಮದುವೆಗೋ ಕಳಿಸುವ ಮಾತು ಬರುತ್ತದೆ. ಜನವರಿಯಲ್ಲಿ ಕಟ್ಟಿದ್ದ ಎರಡನೇ ಟರ್ಮಿನ ಫೀಸನ್ನು ಶಾಲೆ ಮುಂದಿನ ವರ್ಷಕ್ಕೆ ಜಮಾ ಇಟ್ಟುಕೊಂಡಿತು. ವಾಪಸ್ ಹೋಗುವಾಗ ಯೂನಿಫಾರ್ಮು ಒಂದೂ ಆಗುತ್ತಿರಲಿಲ್ಲ, ಹುಡುಗಿ ಬೆಳೆದಿದ್ದಳು, ಅದಕ್ಕೆ 5,000. ಆ ಮೂರನೇ ವರ್ಷ 2021ರ ಜುಲೈ ತನಕ ಎಳೆಯಿತು, ಒಟ್ಟು 83,035 ಶಿಲ್ಲಿಂಗ್.

ನಾಲ್ಕನೇ ವರ್ಷವನ್ನು ಜುಲೈಯಿಂದ ಮಾರ್ಚಿಗೆ ಅವಸರದಲ್ಲಿ ಮುಗಿಸಿದರು. ವರ್ಷ ಚಿಕ್ಕದಾದ್ದರಿಂದ ಸರ್ಕಾರ ಇಂಥ ಶಾಲೆಗಳ ಫೀಸನ್ನು 35,000ಕ್ಕೆ ಇಳಿಸಿತು. ಕೊನೆಯ ಪರೀಕ್ಷೆಯ ಫೀಸು ಸರ್ಕಾರದ್ದೇ. ರಿವಿಷನ್ ಪುಸ್ತಕ, ಮಾದರಿ ಪರೀಕ್ಷೆ ಅಂತ 6,000 ಜಾಸ್ತಿ ಆಯಿತು. ಒಟ್ಟು 55,000. 2022ರ ಮಾರ್ಚಿನಲ್ಲಿ ಅವಳು ಹೈಸ್ಕೂಲಿನ ಆ ಕೊನೆಯ ಪರೀಕ್ಷೆ, ಕೆಸಿಎಸ್‌ಇ, ಬರೆದಳು.

ಒಟ್ಟು

77,035, 54,535, 83,035, 55,000. ಕೂಡಿಸಿದರೆ 2,69,605 ಶಿಲ್ಲಿಂಗ್. ಕಾಗದದ ಮೇಲಿನ 1,62,140ಕ್ಕೆ ಹೋಲಿಸಿದರೆ ಒಂದೂ ಮುಕ್ಕಾಲು ಪಟ್ಟಿಗೆ ಸ್ವಲ್ಪ ಕಡಿಮೆ. ಕಳಿಸುವ ಖರ್ಚೂ ಸೇರಿ ರೂಪಾಯಿಯಲ್ಲಿ 1.95 ಲಕ್ಷ. ನಲವತ್ತೆಂಟು ತಿಂಗಳು ಅಂದುಕೊಂಡದ್ದು ಐವತ್ತೊಂದು ತಿಂಗಳಾಯಿತು. ತಿಂಗಳಿಗೆ 3,800 ರೂಪಾಯಿ ಚಿಲ್ಲರೆ. ನಾಲ್ವರಿದ್ದರೆ ತಲಾ 950ರಷ್ಟು, ಒಬ್ಬರು ಬಿಟ್ಟು ಮೂವರಾದರೆ 1,275. ಶುರುವಿನ 550 ಎಲ್ಲಿ, ಇದೆಲ್ಲಿ.

ಇಷ್ಟಾದರೂ ಇದು ದೊಡ್ಡ ದುಡ್ಡಲ್ಲ. ನಮ್ಮಲ್ಲಿ ಯಾರೂ ಶ್ರೀಮಂತರಲ್ಲ, ಯಾರೂ ಇದಕ್ಕಾಗಿ ಸಾಲ ಮಾಡಲಿಲ್ಲ. ನಮ್ಮನ್ನು ಉಳಿಸಿದ್ದು ನಾಲ್ಕು ಜನ ಇದ್ದದ್ದು. ಒಬ್ಬರೇ ಇದ್ದು ಅವರ ಕೆಲಸವೇ 2020ರಲ್ಲಿ ಹೋಗಿದ್ದರೆ ಈ ಪ್ರಕರಣ ಮೂರನೇ ವರ್ಷದಲ್ಲೇ ಮುಗಿಯುತ್ತಿತ್ತು. ಒಬ್ಬಂಟಿಯಾಗಿ ಮಾಡಬೇಕು ಅನ್ನುವವರು ಕನಿಷ್ಠ ಒಂದೂವರೆ ವರ್ಷದ ಖರ್ಚನ್ನು ಬೇರೆ ಇಟ್ಟೇ ಮಾತು ಕೊಡಿ. ಇಲ್ಲದಿದ್ದರೆ ಮೊದಲು ಇಬ್ಬರನ್ನು ಜೊತೆ ಮಾಡಿಕೊಳ್ಳಿ.

ಇದರಿಂದ ಉಪಯೋಗ ಆಗುತ್ತದಾ ಅಂತ ಕೇಳುವವರಿಗೆ ಒಂದು ಒಳ್ಳೆಯ ಉದಾಹರಣೆ ಘಾನಾದ್ದು. ಅಲ್ಲಿ 2008ರಲ್ಲಿ, ಹೈಸ್ಕೂಲಿಗೆ ಸೀಟು ಸಿಕ್ಕಿಯೂ ದುಡ್ಡಿಲ್ಲದೆ ಸೇರದೆ ಉಳಿದಿದ್ದ 2,064 ಮಕ್ಕಳಲ್ಲಿ 682 ಮಂದಿಗೆ ಲಾಟರಿ ಎತ್ತಿ ಪೂರ್ತಿ ಸ್ಕಾಲರ್‌ಶಿಪ್ ಕೊಟ್ಟರು. ಎಸ್ತರ್ ಡ್ಯುಫ್ಲೋ, ಪಾಸ್ಕಲೀನ್ ದುಪಾ, ಮೈಕೆಲ್ ಕ್ರೆಮರ್ ಅನ್ನುವ ಅರ್ಥಶಾಸ್ತ್ರಜ್ಞರು ಆ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಸ್ಕಾಲರ್‌ಶಿಪ್ ಸಿಕ್ಕವರಲ್ಲಿ ಹೈಸ್ಕೂಲು ಮುಗಿಸಿದವರು ಎಷ್ಟೋ ಹೆಚ್ಚು, ಹುಡುಗಿಯರು ಮಕ್ಕಳನ್ನು ಹೆರುವುದೂ ತಡವಾಯಿತು. ಸಂಸ್ಥೆಗಳ ಮೂಲಕ ಮಾಡುವ ಸ್ಪಾನ್ಸರ್‌ಶಿಪ್ ಬಗ್ಗೆಯೂ ಅಧ್ಯಯನ ಇದೆ. ಬ್ರೂಸ್ ವೈಡಿಕ್ ಮತ್ತು ಜೊತೆಗಾರರು 2013ರಲ್ಲಿ ಪ್ರಕಟಿಸಿದ್ದು, ಕೀನ್ಯಾ ಸೇರಿ ಆರು ದೇಶಗಳದ್ದು. ಕಂಪ್ಯಾಷನ್ ಇಂಟರ್‌ನ್ಯಾಷನಲ್ ಅನ್ನುವ ಕ್ರೈಸ್ತ ನೆರವು ಸಂಸ್ಥೆಯ ಮೂಲಕ ನೆರವು ಪಡೆದ ಮಕ್ಕಳು ಒಂದರಿಂದ ಒಂದೂವರೆ ವರ್ಷದಷ್ಟು ಹೆಚ್ಚು ಓದಿದ್ದರು. ಪರಿಚಯದ ಮೇಷ್ಟ್ರು ಇಲ್ಲದವರು ಸಂಸ್ಥೆಯ ಮೂಲಕ ಹೋಗುವುದೇ ವಾಸಿ. ಅಲ್ಲಿ ಅವರ ಕಚೇರಿ ಖರ್ಚೂ ಸೇರುತ್ತದೆ, ನಿಜ. ಆದರೆ ನೀವು ಅರ್ಧದಲ್ಲೇ ನಿಲ್ಲಿಸಿದರೆ ಮಗು ಬೀದಿಗೆ ಬೀಳುವುದಿಲ್ಲ, ಅವರು ಇನ್ನೊಬ್ಬರನ್ನು ಹುಡುಕುತ್ತಾರೆ. ನೇರವಾಗಿ ಮಾಡುವವರಿಗೆ ಆ ಆಸರೆ ಇಲ್ಲ.

ಬೋರ್ಡಿಂಗೇ ಬೇಕಿತ್ತಾ ಅನ್ನುವುದು ನಮ್ಮ ನಡುವೆ ಇನ್ನೂ ಮುಗಿಯದ ಚರ್ಚೆ. ಅವಳ ಮನೆಯಲ್ಲಿ ಆಗ ಕರೆಂಟು ಇರಲಿಲ್ಲ, ನೀರು ತರುವುದು, ತಮ್ಮತಂಗಿಯರನ್ನು ನೋಡಿಕೊಳ್ಳುವುದು ಅವಳದೇ ಕೆಲಸ, ಡೇ ಸ್ಕೂಲು ಗಂಟೆಗಟ್ಟಲೆ ನಡೆಯುವ ದೂರದಲ್ಲಿ. ಅವಳ ಮಟ್ಟಿಗೆ ಬೋರ್ಡಿಂಗ್ ಸರಿ ಅಂತಲೇ ನನ್ನ ನಂಬಿಕೆ. ಆದರೆ ಎಲ್ಲ ಮಗುವಿಗೂ ಅದೇ ಸರಿ ಅಲ್ಲ. ಮನೆ ಹತ್ತಿರ ಒಂದು ಮಟ್ಟದ ಡೇ ಸ್ಕೂಲು ಇದ್ದರೆ ಇಷ್ಟೇ ದುಡ್ಡಿನಲ್ಲಿ ಮೂರು ಮಕ್ಕಳು ಓದುತ್ತಾರೆ.

ಅವಳಿಗೆ ಬಿ ಮೈನಸ್ ಬಂತು. ಯೂನಿವರ್ಸಿಟಿಗೆ ಬೇಕಾದ ಸಿ ಪ್ಲಸ್‌ಗಿಂತ ಮೇಲೆ. ಅವಳೇ ನರ್ಸಿಂಗ್ ಡಿಪ್ಲೊಮಾ ಆರಿಸಿಕೊಂಡಳು. ಸರ್ಕಾರ ಕೊಡುವ ಹೆಲ್ಬ್ ಅನ್ನುವ ವಿದ್ಯಾಭ್ಯಾಸ ಸಾಲಕ್ಕೆ ಅರ್ಜಿ ಹಾಕಿದಳು. ನಾವು ಕೊಟ್ಟ ಮಾತು ಹೈಸ್ಕೂಲಿನ ತನಕ, ಅದನ್ನು ಅವಳಿಗೆ ಮೊದಲ ವರ್ಷವೇ ತಿಳಿಸಿದ್ದೆವು, ಹಾಗಾಗಿ ಯಾರಿಗೂ ಮುಜುಗರ ಆಗಲಿಲ್ಲ. ಶಾಲೆಯಲ್ಲಿ ಒಂದು ಶಿಲ್ಲಿಂಗ್ ಬಾಕಿ ಇರಲಿಲ್ಲ, ಸರ್ಟಿಫಿಕೇಟು ಬಂದ ದಿನವೇ ಕೈಗೆ ಸಿಕ್ಕಿತು. ಬಾಕಿ ಇದ್ದವರ ಸರ್ಟಿಫಿಕೇಟನ್ನು ಶಾಲೆಗಳು ವರ್ಷಗಟ್ಟಲೆ ಇಟ್ಟುಕೊಳ್ಳುವುದು ಅಲ್ಲಿ ಹಳೆಯ ಸಮಸ್ಯೆ.

ಈಗ ಅವಳ ತಮ್ಮನ ಸರದಿ. ಕೀನ್ಯಾದ ಪದ್ಧತಿ ಬದಲಾಗಿದೆ. ಕೊನೆಯ ಕೆಸಿಪಿಇ 2023ರಲ್ಲೇ ಮುಗಿಯಿತು. 2026ರ ಜನವರಿಯಲ್ಲಿ ಹತ್ತನೇ ತರಗತಿ ಸೇರಿದ ಅವನ ಬ್ಯಾಚಿಗೆ ಹಿರಿಯ ಶಾಲೆ ನಾಲ್ಕು ವರ್ಷ ಅಲ್ಲ, ಮೂರೇ ವರ್ಷ. ಅವನು ಹೋಗುವುದು ಡೇ ಸ್ಕೂಲಿಗೆ. ಊಟಕ್ಕೆ ವರ್ಷಕ್ಕೆ 9,000, ಯೂನಿಫಾರ್ಮಿಗೆ 5,500, ಪುಸ್ತಕ ಮತ್ತು ಇತರೆಗೆ 4,000 ಅಂತ ಮೇಷ್ಟ್ರು ಲೆಕ್ಕ ಕಳಿಸಿದರು. ಮೂರು ವರ್ಷಕ್ಕೆ 55,500 ಶಿಲ್ಲಿಂಗ್, ಈಗಿನ ದರದಲ್ಲಿ 39,000 ರೂಪಾಯಿ ಆಸುಪಾಸು. ಕೆಲಸ ಹೋಗಿದ್ದ ಸ್ನೇಹಿತರೂ ವಾಪಸ್ ಸೇರಿದ್ದಾರೆ. ಈ ಸಲ ಪೂರ್ತಿ ಮೊತ್ತವನ್ನು, ಅದರ ಮೇಲೆ ಮೂರನೇ ಒಂದು ಭಾಗವನ್ನು ಸೇರಿಸಿ, ಬೇರೆ ಖಾತೆಯಲ್ಲಿ ಇಟ್ಟೆವು. ಅದಾದ ಮೇಲೆ ಅವನ ಅಮ್ಮನಿಗೆ ಫೋನ್ ಮಾಡಿ ಹೇಳಿದೆವು.